ಬಿಳಿ ಕಪ್ಪು

ಬರ್ಸ್ಲೆಮ್ಮಿನಲ್ಲಿ ಈಗ ಆವಿಗೆಗಳು ಉರಿಯುವುದಿಲ್ಲ.
ಸೀಸೆಯಂಥ ಇಟ್ಟಿಗೆ ಗೋಪುರ, ಬಾಯಲ್ಲಿ ಪಾರಿವಾಳ.
ಅದರ ಬೆನ್ನಿಗೇ ನಮ್ಮ ಶೆಡ್ಡು:
ಒಂದು ಪ್ರಿಂಟರು, ನಾಲ್ಕು ಕಾವಿನ ಪ್ರೆಸ್ಸು,
ಚೀನಾದಿಂದ ಹಡಗು ಹತ್ತಿ ಬಂದ ಬಿಳಿ ಕಪ್ಪುಗಳು,
ಮತ್ತು ನಾನು.

ಲೋಕಕ್ಕೆಲ್ಲ ಕಪ್ಪು ಬಸಿ ಕೊಟ್ಟ ಊರು
ಈಗ ತರಿಸಿಕೊಳ್ಳುತ್ತದೆ.
ಅದರ ಮೇಲೆ ನಾಯಿ, ಮೊಮ್ಮಗು, ಫುಟ್‌ಬಾಲ್ ತಂಡ,
ಜಗತ್ತಿನ ಅತ್ಯುತ್ತಮ ಅಜ್ಜಿ
ಗಂಟೆಗೆ ಮೂವತ್ತರಂತೆ
ಅಚ್ಚು ಹಾಕುತ್ತೇನೆ.

ಬೆರಿಲ್ ಟನಿಕ್ಲಿಫ್ ಬಂದದ್ದು ಮಂಗಳವಾರ.
ಗಂಡ ಲೆಸ್ಲಿ, ಕ್ಷೌರಿಕ, ತೀರಿಕೊಂಡು ಆರು ದಿನ.
‘ನಲವತ್ತೆಂಟು ಬೇಕು, ಡಕ್. ಹೆಸರು ಬೇಡ, ತಾರೀಕು ಬೇಡ.
ಗೊತ್ತಿಲ್ಲದವರು ಯಾರೂ ಬರುವುದಿಲ್ಲ.’
ಖಾಲಿ ಕಪ್ಪೊಂದನ್ನು ಬೋರಲು ಮಾಡಿ ತಳ ನೋಡಿದಳು.
ಈ ಊರಿನವರ ಚಾಳಿ ಅದು, ಮದುವೆಮನೆಯಲ್ಲೂ ಬಿಡರು.
ತಳದಲ್ಲಿ ಯಾರ ಮುದ್ರೆಯೂ ಇರಲಿಲ್ಲ.
ಏನೂ ಅನ್ನದೆ ಕೆಳಗಿಟ್ಟಳು. ಕಣ್ಣು ಒಣಗಿತ್ತು.

ಬೆಟಗೇರಿ ಶಾಲೆಯಲ್ಲಿ ಕೊಟ್ರಪ್ಪ ಮಾಸ್ತರು
ಕರ್ಪೂರದ ಬಿಲ್ಲೆ ಎತ್ತಿ ಹಿಡಿದು,
‘ಇದು ನೀರಾಗಂಗಿಲ್ಲ. ಗಟ್ಟಿ ಇದ್ದದ್ದು ಸೀದಾ ಆವಿ.
ಉತ್ಪತನ. ಬರಕೋರಿ.’
ಬರೆದುಕೊಂಡಿದ್ದೆ.
ಅನ್ನ ಕೊಡುವ ಪದ ಅಂತ ಗೊತ್ತಿರಲಿಲ್ಲ.

ಕಾಗದದ ಮೇಲೆ ಬಣ್ಣ ಮಂಕು,
ನೆನೆಹಾಕಿ ಮರೆತ ಅಂಗಿಯ ಹಾಗೆ.
ಕಪ್ಪಿಗೆ ಸುತ್ತಿ, ಟೇಪು ಬಿಗಿದು, ಪ್ರೆಸ್ಸಿನ ತೆಕ್ಕೆಗೆ ಕೊಟ್ಟರೆ
ಇನ್ನೂರು ಡಿಗ್ರಿ, ನೂರೆಂಬತ್ತು ಸೆಕೆಂಡು.
ಶಾಯಿ ಹನಿಯಾಗದೆ ಎದ್ದು
ಮೆರುಗಿನ ಒಳಕ್ಕೇ ಹೋಗಿ ಕೂರುತ್ತದೆ,
ಉಗುರಿಗೆ ಸಿಗುವುದಿಲ್ಲ.
ಕಾಗದ ಬಿಚ್ಚಿದರೆ ಮುಖ ಕೆಂಪಗೆ,
ಈಗಷ್ಟೇ ಗಡ್ಡ ಹೆರೆಸಿಕೊಂಡವನದು.

ಒಂದು ಮಾತು: ನಮ್ಮ ಯಂತ್ರಕ್ಕೆ ಬಿಳಿ ಶಾಯಿ ಇಲ್ಲ.
ಬಿಳಿ ಬೇಕಾದಲ್ಲಿ ಏನೂ ಹಾಕುವುದಿಲ್ಲ, ಅಷ್ಟೆ.
ಲೆಸ್ಲಿಯ ತಲೆಗೂದಲು, ಹುಬ್ಬು, ತೊಟ್ಟ ಕೋಟು
ಎಲ್ಲ ಬರೀ ಪಿಂಗಾಣಿ.
ಅರ್ಧ ಮನುಷ್ಯನನ್ನು ಕಪ್ಪೇ ಕೊಟ್ಟಿತು.

ಗುರುವಾರ ಡಬ್ಬಿ ತೆರೆದವಳೇ ಬೆರಿಲ್
‘ಇವನು ಯಾರು?’ ಅಂದಳು.
ಎಡಗೆನ್ನೆಯ ಮಚ್ಚೆ ಬಲಕ್ಕೆ. ಬೈತಲೆ ಆಚೆ ಬದಿಗೆ.
ತಿರುವಿ ಮುದ್ರಿಸು ಎಂಬ ಪುಟ್ಟ ಚೌಕವನ್ನು
ಊಟಕ್ಕೆ ಮುಂಚಿನ ಇಪ್ಪತ್ತನಾಲ್ಕಕ್ಕೆ
ಒತ್ತಲು ಮರೆತಿದ್ದೆ.
ಮಣ್ಣು ಶುಕ್ರವಾರ ಬೆಳಿಗ್ಗೆ.
ಖಾಲಿ ಕಪ್ಪು ಉಳಿದದ್ದು ಹನ್ನೊಂದು.
ಬೆರಳ ತುದಿಯಿಂದ ಆ ಮಚ್ಚೆ ಉಜ್ಜಿ ನೋಡಿದಳು,
‘ಇರಲಿ ಬಿಡು, ಎರಡನ್ನೂ ತಾ.’

ಚರ್ಚಿನ ಹಾಲಿನಲ್ಲಿ ಎರಡು ಮೇಜು.
ಬಂದವರು, ಬೋಳಾದವರು, ಬೋಳಾಗಲಿರುವವರು
ಒಬ್ಬೊಬ್ಬರೇ ತಪ್ಪು ಕಪ್ಪಿಗೇ ಕೈ ಹಾಕಿದರು.
‘ನೋಡು, ಇದೇ ನಮ್ಮ ಲೆಸ್.
ಅದರಲ್ಲಿ ಏನೋ ಸರಿಯಿಲ್ಲ.’
ಒಬ್ಬ ಮುದುಕ ಚಹಾ ಹಿಡಿದು ನಿಂತವನು
ಸುಮ್ಮನೆ ಗಲ್ಲ ಕೆಳಗಿಳಿಸಿ
ಕತ್ತು ತುಸು ಮುಂದಕ್ಕೆ ಬಾಗಿಸಿದ.

ಆಗ ಹೊಳೆಯಿತು ನನಗೆ.
ನಲವತ್ತು ವರ್ಷ ಇವರು ಅವನನ್ನು ನೋಡಿದ್ದು ಕನ್ನಡಿಯಲ್ಲಿ:
ಕುರ್ಚಿಯ ಹಿಂದೆ ನಿಂತವನು,
ಎಡಗೈಯಲ್ಲಿ ಕತ್ತರಿ.

ಸರಿಯಾದವು ಮೇಜಿನ ಮೇಲೆ ಹಾಗೇ ಉಳಿದವು.
ಬೆರಿಲ್ ಒಂದಕ್ಕೆ ಚಹಾ ಬಗ್ಗಿಸಿಕೊಂಡಳು.
ದಿನವೂ ಎದುರಿಗೆ ಕೂತು ಉಂಡವಳು ಅವಳೊಬ್ಬಳೇ.
ಮಿಕ್ಕ ಇಪ್ಪತ್ಮೂರನ್ನು ಹಳೇ ಪೇಪರಿನಲ್ಲಿ ಸುತ್ತುವಾಗ
‘ಮೆಲ್ಲಗೆ, ಡಕ್’ ಅಂದಳು, ಎರಡು ಸಲ.

ಬಿಲ್ಲಿನಲ್ಲಿ ಅರ್ಧ ಬಿಟ್ಟೆ.
ಯಾವ ಅರ್ಧ ಎಂದು ಅವಳೂ ಕೇಳಲಿಲ್ಲ.